ತಲೆ ಬಿಟ್ಟ ಮೊಳೆ

ನನ್ನ ಅಣ್ಣ ಬದುಕಿಡೀ ಮರದ ಕೆಲಸ ಮಾಡಿದ. ಆದರೆ ಇದು ಅವನು ಮಾಡಿದ್ದು ಅಂತ ಬೆರಳು ಮಾಡಿ ತೋರಿಸೋಕೆ ಈ ಊರಲ್ಲಿ ಒಂದು ಕಿಟಕಿ ಸಹ ಇಲ್ಲ. ಅವನು ಸೆಂಟ್ರಿಂಗ್ ಬಡಗಿ. ಮನೆಗೆ ತಾರಸಿ ಹಾಕುವ ಮುಂಚೆ ಕೆಳಗೆ ಕಂಬ ಕೊಟ್ಟು, ಮೇಲೆ ಹಲಗೆ ಹಾಸಿ, ಸುತ್ತ ಅಂಚು ಕಟ್ಟಿ ಅಚ್ಚು ಮಾಡುತ್ತಾರಲ್ಲ, ಆ ಕೆಲಸ. ಅಚ್ಚಿನೊಳಗೆ ಕಾಂಕ್ರೀಟು ಸುರಿಯುತ್ತಾರೆ. ಅದು ಗಟ್ಟಿಯಾದ ಮೇಲೆ ಕಟ್ಟಿದವನೇ ಬಂದು ಹಲಗೆಗಳನ್ನೆಲ್ಲ ಬಿಚ್ಚಿ ಇನ್ನೊಂದು ಮನೆಗೆ ಸಾಗಿಸಬೇಕು. ಮನೆಯವರು ಬಂದು ನೋಡುವ ಹೊತ್ತಿಗೆ ಅವನ ಗುರುತೇ ಇರುತ್ತಿರಲಿಲ್ಲ. ತಾರಸಿಯ ಅಡಿಯಲ್ಲಿ ನಿಂತು ಕತ್ತೆತ್ತಿದರೆ ಹಲಗೆಯ ಗೆರೆ ಅಷ್ಟಿಷ್ಟು ಕಾಣುತ್ತಿತ್ತು. ಅದನ್ನೂ ಗಾರೆಯವರು ಬಂದು ಮುಚ್ಚಿಬಿಡುತ್ತಿದ್ದರು.

“ಕೆಡವೋಕೆ ಅಂತಲೇ ಕಟ್ಟೋ ಗಂಡಸು ಭೂಮಿ ಮೇಲೆ ಇವರೊಬ್ಬರೇ ಇರಬೇಕು. ಅದೂ ಹುಡುಕಿಕೊಂಡು ನನ್ನ ಪಾಲಿಗೇ ಬಂದ್ರಲ್ಲ,” ಅಂತ ಅತ್ತಿಗೆ ಆಡಿಕೊಳ್ಳುತ್ತಿದ್ದಳು.

ಆ ಕೆಲಸದಲ್ಲಿ ಒಂದು ಕಟ್ಟುಪಾಡು ಇದೆ. ಮೊಳೆಯನ್ನು ಪೂರ್ತಿ ಹೊಡೆಯುವ ಹಾಗಿಲ್ಲ. ತಲೆಯನ್ನು ಅರ್ಧ ಬೆರಳಿನಷ್ಟು ಮೇಲೆ ಬಿಡಬೇಕು. ಬಿಚ್ಚುವ ದಿನ ಸುತ್ತಿಗೆಯ ಕೊಕ್ಕು ಆ ತಲೆಯನ್ನು ಕಚ್ಚಿ ಸರಾಗ ಎಳೆಯುತ್ತದೆ. ಒಳಗೆ ಹೂತುಹೋದರೆ ಹಲಗೆ ಸೀಳುತ್ತದೆ, ಹಲಗೆ ಸೀಳಿದರೆ ಮೇಸ್ತ್ರಿ ಬಯ್ಯುತ್ತಾನೆ. ಅಣ್ಣನ ಕೈ ಇದಕ್ಕೆ ಎಷ್ಟು ಒಗ್ಗಿತ್ತೆಂದರೆ, ಬೇರೆಯವರು ಅಳತೆ ನೋಡಿ ನಿಲ್ಲಿಸಿದರೆ ಇವನು ಮಾತಾಡುತ್ತಾ, ಆಕಾಶ ನೋಡುತ್ತಾ ಹೊಡೆದರೂ ಎಲ್ಲ ಮೊಳೆಯ ತಲೆ ಒಂದೇ ಎತ್ತರಕ್ಕೆ ನಿಲ್ಲುತ್ತಿತ್ತು. ಜೊತೆಗಾರರು ಅವನನ್ನು ‘ಅರೆಮೊಳೆ’ ಅಂತಲೇ ಕರೆಯುತ್ತಿದ್ದರು.

ಮನೆಯಲ್ಲೂ ಅದೇ ಪಾಡು. ಗೋಡೆಯ ಹಲಗೆ, ಕೂರುವ ಸ್ಟೂಲು, ಕಟ್ಟಿಗೆ ಪೆಟ್ಟಿಗೆ, ಎಲ್ಲದರಲ್ಲೂ ಮೊಳೆಗಳು ತಲೆ ಎತ್ತಿಕೊಂಡು ನಿಂತಿರುತ್ತಿದ್ದವು. ಅವುಗಳಿಗೆ ಸಿಕ್ಕಿ ತೋಳು ಹರಿಯದ ರವಿಕೆ ಅತ್ತಿಗೆಯ ಹತ್ತಿರ ಒಂದೂ ಇರಲಿಲ್ಲ. “ಏನ್ರೀ, ಈ ಸ್ಟೂಲನ್ನ ನಾಳೆ ಯಾವ ಮನೆಗೆ ಸಾಗಿಸಬೇಕು?” ಅಂತ ಕೇಳುತ್ತಿದ್ದಳು. ಅಣ್ಣ ನಕ್ಕು, ಎದ್ದು ಹೋಗಿ ಒಂದೊಂದೇ ಮೊಳೆಗೆ ಕೊನೆಯ ಏಟು ಹಾಕಿ ಬರುತ್ತಿದ್ದ.

ನನ್ನ ಯಜಮಾನರು ಹೋದ ಮೇಲೆ ನಾನು ಅಣ್ಣ ಅತ್ತಿಗೆಯ ಜೊತೆ ಇರೋಕೆ ಬಂದೆ. ಅವರಿಗೆ ಮಕ್ಕಳಿರಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲಿಂದ ಎರಡು ಮೆಟ್ಟಿಲು ಇಳಿದರೆ ಕಾಂಕ್ರೀಟಿನ ಅಂಗಳ, ಸುತ್ತ ಎದೆಮಟ್ಟದ ಗೋಡೆ, ಮೂಲೆಯಲ್ಲಿ ನೀರು ಹೋಗುವ ಕಂಡಿ. ಆ ಅಂಗಳಕ್ಕೆ ಕಾಂಕ್ರೀಟು ಹಾಕಿದ್ದೂ ಅಣ್ಣನೇ. ಕೆಲಸದ ಕಡೆ ಉಳಿದ ಮಾಲನ್ನು ತಂದು ತಂದು ಸುರಿದಿದ್ದರಿಂದ ಅದು ತೇಪೆ ಹಾಕಿದ ಕೌದಿ ಥರ ಇತ್ತು. ತೇಪೆಗಳ ಸಂದಿಯಲ್ಲಿ ಬಿರುಕು ಬಿಟ್ಟು, ಅಂಚುಗಳು ಮುರಿದ ಹಲ್ಲಿನ ಹಾಗೆ ಎದ್ದಿದ್ದವು.

ಆ ಅಂಗಳ ಅತ್ತಿಗೆಯ ಸಂಸ್ಥಾನ. ಬಟ್ಟೆ ಒಣಗಿಸುವ ಹಗ್ಗವನ್ನು ನನಗೆ ಸಹ ಮುಟ್ಟಲು ಬಿಡುತ್ತಿರಲಿಲ್ಲ. ಒಳಬಟ್ಟೆ ಗೋಡೆಯ ಕಡೆ, ಅಂಗಿಗಳು ತಲೆಕೆಳಗು, ಹಾಸಿಗೆಬಟ್ಟೆ ತುದಿಗೆ, ಹೀಗೆ ಅವಳದೇ ಲೆಕ್ಕ. ಪಕ್ಕದ ಮನೆಯಾಕೆ ಗೋಡೆಯ ಮೇಲೆ ಗಲ್ಲ ಊರಿದಳೆಂದರೆ ಬೀದಿಯ ಸಮಾಚಾರವೆಲ್ಲ ಅಲ್ಲೇ ಹಿಂಡಿ ಹರವಿದ ಹಾಗೆ. ಒಳಗೆ ಕೂತರೆ ಅತ್ತಿಗೆಯ ಮುಖ ಬಾಡುತ್ತಿತ್ತು.

ಅವಳಿಗೆ ಸಕ್ಕರೆ ಕಾಯಿಲೆ. ವರ್ಷ ಕಳೆದ ಹಾಗೆ ಪಾದಗಳು ಮರಗಟ್ಟಿದವು. ಚಪ್ಪಲಿ ಹಾಕಿಕೊಂಡೇ ಹೊರಡುತ್ತಿದ್ದಳು, ಆದರೆ ಅದು ಕಾಲಿಂದ ಜಾರಿದ್ದು ಅವಳಿಗೆ ತಿಳಿಯುತ್ತಿರಲಿಲ್ಲ. ಒಂದು ಚಪ್ಪಲಿ ಒಲೆಯ ಹತ್ತಿರ, ಇನ್ನೊಂದು ಮೆಟ್ಟಿಲ ಮೇಲೆ, ಇವಳು ಬರಿಗಾಲಲ್ಲಿ ಹಗ್ಗದ ಕೆಳಗೆ. “ಚಪ್ಪಲಿ ಎಲ್ಲಿ ಅತ್ತಿಗೆ?” ಅಂದರೆ ಕಾಲು ನೋಡಿಕೊಂಡು, “ಅಯ್ಯೋ, ಅವು ಮನೇಲೇ ಕೂತವಾ? ನನಗಿಂತ ಬುದ್ಧಿವಂತವು,” ಅನ್ನುತ್ತಿದ್ದಳು. ಪಟ್ಟಿ ಇರುವ ಚಪ್ಪಲಿ ತಂದುಕೊಟ್ಟರೆ, ಆ ಪಟ್ಟಿಯೇ ಒತ್ತಿ ಬೊಬ್ಬೆ ಎದ್ದಿತು.

ಒಮ್ಮೆ ಅಂಗಳದ ಅಂಚು ತಾಗಿ ಕಿರುಬೆರಳು ಒಡೆದು, ಅದು ಕೀವಾಗಿ, ಬೆರಳನ್ನೇ ತೆಗೆಯಬೇಕಾಯಿತು. ಆವತ್ತು ಡಾಕ್ಟರಮ್ಮ ಅಣ್ಣನನ್ನು ಹೊರಗೆ ಕರೆದು, “ನೋಡಿ, ಈ ಸಲ ಬೆರಳಿಗೆ ಮುಗೀತು. ಇನ್ನೊಂದು ಗಾಯ ಆದ್ರೆ ಕಾಲೇ ಹೋಗುತ್ತೆ. ಆ ಅಂಗಳಕ್ಕೆ ಇಳಿಯೋಕೆ ಬಿಡಬೇಡಿ,” ಅಂದರು.

ಅಣ್ಣ ಅದನ್ನು ಹಾಗೇ ಬಂದು ಹೇಳಿದ. ಅತ್ತಿಗೆ ಕೇಳಿಸಿಕೊಂಡಳು. ಆಮೇಲೆ ಎದ್ದು ಹೋಗಿ ಹಿಂಬಾಗಿಲನ್ನು ಮುಚ್ಚಿ ಅಗಳಿ ಹಾಕಿದಳು. ಬಯ್ಯಲಿಲ್ಲ, ಅಳಲಿಲ್ಲ. ಹಗ್ಗದ ಬಟ್ಟೆ ನಾನೇ ಹಾಕಿದೆ, ನನಗೆ ತೋಚಿದ ಹಾಗೆ. ಅವಳು ಕಿಟಕಿಯಿಂದ ನೋಡಿದರೂ ಅಂಗಿ ತಲೆಕೆಳಗು ಹಾಕು ಅಂತ ಹೇಳಲಿಲ್ಲ. ಆಗ ನನಗೆ ಹೆದರಿಕೆ ಆಯಿತು.

ಅಣ್ಣನಿಗೂ ಆಗಿರಬೇಕು. ಒಂದು ಬೆಳಿಗ್ಗೆ ಅಂಗಳದಲ್ಲಿ ದಾರ ಹಿಡಿದು ಓಡಾಡುತ್ತಿದ್ದ. “ಏನಣ್ಣ?” ಅಂದೆ.

“ಮರ ಹಾಸ್ತೀನಿ ಪುಟ್ಟಿ. ಈ ಕಾಂಕ್ರೀಟಿನ ಮೇಲೇ. ಅಡುಗೆಮನೆ ಹೊಸಲಿಗೆ ಸಮ ಬರೋ ಹಾಗೆ. ಮೆಟ್ಟಿಲೇ ಬೇಡ. ಒಳಗಿಂದ ಹೊರಗೆ ಹಾಗೇ ನಡೆದು ಬರಬೇಕು, ನೀರಿನ ಹಾಗೆ.”

“ಕಾಂಕ್ರೀಟು ಒಡೆದು ಸರಿ ಮಾಡಿದ್ರೆ ಆಗಲ್ವಾ?”

“ಕಾಂಕ್ರೀಟು ಬೇಡ.” ಅಷ್ಟೇ ಅಂದ.

ಹಲಗೆಗಳನ್ನು ಮೇಸ್ತ್ರಿ ಕೊಟ್ಟ. ಇಬ್ಬರೂ ಒಟ್ಟಿಗೆ ಮುದುಕರಾದವರು. ಟೆಂಪೋದಲ್ಲಿ ತಂದು ಇಳಿಸಿ, “ಬೇಡವಾದಾಗ ವಾಪಸ್ ಕೊಡು ಅರೆಮೊಳೆ,” ಅಂದ. “ಇದು ಬೇಡವಾಗಲ್ಲ,” ಅಂದ ಅಣ್ಣ. ಎಲ್ಲ ಸೆಂಟ್ರಿಂಗಿಗೆ ಬಳಸಿದ ಹಲಗೆಗಳೇ, ಮೈತುಂಬ ಸಿಮೆಂಟಿನ ಹಕ್ಕಳೆ. ಅಣ್ಣ ಅದನ್ನೆಲ್ಲ ಕೆರೆದು, ಮುರಿದುಳಿದ ಮೊಳೆ ಚೂರುಗಳನ್ನು ಕಿತ್ತು, ತೋಪಡ ಹೊಡೆದು ನಯ ಮಾಡಿದ. ಆಮೇಲೆ ಕಣ್ಣು ಮುಚ್ಚಿ ಪ್ರತಿ ಹಲಗೆಯ ಮೇಲೂ ಅಂಗೈ ಎಳೆಯುತ್ತಿದ್ದ. ಏನಾದರೂ ಚುಚ್ಚಿದರೆ ಮತ್ತೆ ತೋಪಡ.

ಅಂಗಳ ಕಂಡಿಯ ಕಡೆಗೆ ಇಳಿಜಾರು. ಅದಕ್ಕೆ ತಕ್ಕ ಹಾಗೆ ಹಲಗೆಯ ಅಡಿಯಲ್ಲಿ ಹಾಕುವ ರೀಪು ಪಟ್ಟಿಗಳನ್ನು ನೀರು ಹರಿಯುವ ದಿಕ್ಕಿಗೇ ಇಟ್ಟ, ಅಡ್ಡ ಇಟ್ಟರೆ ನೀರು ನಿಂತು ಮರ ಕೊಳೆಯುತ್ತದಂತೆ. ರೀಪಿನ ಕೆಳಗೆ ಮೆಟ್ಟಿಲಿನ ಎತ್ತರಕ್ಕೆ ಮರದ ತುಂಡು ಪೇರಿಸಿ, ಅವುಗಳಡಿ ಹಳೆ ಟೈರಿನ ತುಂಡು ಕೊಟ್ಟ. ತಗ್ಗಿದ್ದ ಕಡೆ ಚಕ್ಕೆ ಸೇರಿಸಿ, ಸಮ ಬಂತಾ ಅಂತ ರಸಮಟ್ಟ ಇಟ್ಟು ನೋಡಿದ. ಹಲಗೆ ಹಲಗೆಯ ನಡುವೆ ಒಂದು ಕಿರುಬೆರಳ ದಪ್ಪದಷ್ಟು ಸಂದಿ, ಮಳೆ ನೀರು ಇಳಿಯೋಕೆ.

ಮೊಳೆ ಹೊಡೆಯುವ ದಿನ ಅತ್ತಿಗೆ ಅಗಳಿ ತೆಗೆದು ಹೊಸಲ ಮೇಲೆ ಬಂದು ಕೂತಳು. ಅಣ್ಣ ಸುತ್ತಿಗೆ ಬೀಸಿದ. ಟಕ್, ಟಕ್, ಟಕ್. ಕೈ ನಿಂತಿತು. ಅರ್ಧ ಬೆರಳು ತಲೆ ಮೇಲೆ.

“ಇನ್ನೊಂದು!” ಅಂದಳು ಅತ್ತಿಗೆ.

ಅಣ್ಣ ಬೆಚ್ಚಿಬಿದ್ದವನ ಹಾಗೆ ನೋಡಿ ಇನ್ನೊಂದು ಏಟು ಹಾಕಿದ. ಮುಂದಿನ ಮೊಳೆ. ಮತ್ತೆ ಅಲ್ಲೇ ನಿಂತಿತು ಕೈ.

“ಇನ್ನೊಂದು!”

“ಗೊತ್ತು ಕಣೇ, ಹೊಡೀತಿದ್ದೆ.”

“ಏನು ಹೊಡೀತಿದ್ರಿ, ಪಕ್ಕದ ಮೊಳೆಗೆ ಹೋಗಿಬಿಟ್ಟಿದ್ರಿ. ಪುಟ್ಟಿ, ನೀನೇ ಹೇಳು, ಹೋಗಿದ್ರೋ ಇಲ್ವೋ?”

“ಹೂಂ, ನೀನು ಹೋಗಿದ್ದೆ ಅಣ್ಣ.”

“ನೀವಿಬ್ಬರೂ ಸೇರಿ ನನ್ನ ಕೈ ಕೆಡಿಸ್ತೀರಿ,” ಅಂದ. ಆದರೆ ಖುಷಿಯಾಗಿದ್ದ. ದಿನವಿಡೀ ಅದೇ ಆಟ. ಅತ್ತಿಗೆ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಳು. ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ, “ಏನ್ರೀ ಅದು, ಗಂಡನಿಗೆ ಎಣಿಸಿ ಏಟು ಹಾಕಿಸ್ತಿದ್ದೀರಾ?” ಅಂತ ಕೇಳಿದಳು.

ಎಲ್ಲ ಮೊಳೆಗಳೂ ಒಳಗೆ ಹೋದವು, ಒಂದು ಹಲಗೆ ಬಿಟ್ಟು. ಕಂಡಿಯ ಮೇಲೆ ಬರುವ ಮೂಲೆಯ ತುಂಡು ಅದು. ಬಟ್ಟೆಯ ಜುಂಗು, ತರಗೆಲೆ ಕಟ್ಟಿಕೊಂಡರೆ ಎತ್ತಿ ತೆಗೆಯಬೇಕಲ್ಲ. ಅತ್ತಿಗೆ “ಇನ್ನೊಂದು” ಅಂದಾಗ, “ಇದು ಬಿಚ್ಚೋ ಹಲಗೆ ಕಣೇ, ಇದಕ್ಕೆ ತಲೆ ಇರಬೇಕು,” ಅಂದ. ಅದು ಅವನಿಗೆ ಎಷ್ಟು ಸಹಜ ಅಂದರೆ, ತಿರುಪು ಮೊಳೆ ಹಾಕಬಹುದು, ಹಿಡಿ ಕೂರಿಸಬಹುದು ಅನ್ನುವುದು ಹೊಳೆಯಲೇ ಇಲ್ಲ. ನಮಗೂ ಹೊಳೆಯಲಿಲ್ಲ. ಬಿಚ್ಚುವ ಹಲಗೆ ಅಂದರೆ ತಲೆ ಬಿಟ್ಟ ಮೊಳೆ, ಆ ಮನೆಯಲ್ಲಿ ಅದು ಅಷ್ಟೇ. ಅದರ ಮೇಲೆ ಒಂದು ದೊಡ್ಡ ಹೂವಿನ ಕುಂಡ ತಂದಿಟ್ಟ. “ಇದರ ಮೇಲೆ ಯಾರೂ ಕಾಲಿಡಲ್ಲ ಈಗ,” ಅಂದ.

ಅತ್ತಿಗೆ ಎದ್ದು ನಿಂತಳು. ಹೊಸಲು ದಾಟಿ ಮರದ ಮೇಲೆ ಕಾಲಿಟ್ಟಳು. ಅಂಗಾಲಿಗೆ ಏನೂ ತಿಳಿಯುವುದಿಲ್ಲ ಅಂತ ನಮಗೆಲ್ಲ ಗೊತ್ತು. ಆದರೂ, “ಬೆಚ್ಚಗಿದೆ,” ಅಂದಳು. ಅಣ್ಣ ಮುಖ ಆಚೆ ತಿರುಗಿಸಿ ಸುತ್ತಿಗೆಯ ಹಿಡಿ ಒರೆಸಿದ.

ಆ ಬೇಸಿಗೆಯೆಲ್ಲ ಅವಳು ಹೊರಗೇ. ಹಗ್ಗ ಮತ್ತೆ ಅವಳ ಕೈಗೆ ಹೋಯಿತು. ನಾನು ಹಾಕಿದ್ದ ಬಟ್ಟೆಗಳನ್ನು ಎಳೆದು, “ಇದೇನು, ಕುರುಡರು ಹಾಕಿದ್ರಾ?” ಅಂತ ಬೈದು ಮತ್ತೆ ಹಾಕಿದಳು. ಅಷ್ಟು ಹಿತವಾಗಿ ಯಾರೂ ನನ್ನನ್ನು ಬೈದಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಅಂಗಡಿಗೆ ಹೋಗಿ ಬಂದೆ. ಅತ್ತಿಗೆ ಮರದ ಮೇಲೆ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದಳು, ಏನೋ ಗುನುಗುತ್ತಿದ್ದಳು. ಮೂಲೆಯ ಕುಂಡ ಅಂಗಳದ ನಡುವೆ ಬಿಸಿಲಿಗೆ ಬಂದಿತ್ತು.

“ನೋಡು, ನಾನೇ ಎಳೆದೆ,” ಅಂದಳು. “ಪಾಪ, ಆ ಮೂಲೇಲಿ ಗಿಡ ಬಿಳಿಚಿಕೊಂಡಿತ್ತು.”

ನನ್ನ ಕಣ್ಣು ಹಲಗೆಗಳ ಮೇಲೆ ಹೋಯಿತು. ಮೂಲೆಯಿಂದ ಹಗ್ಗದವರೆಗೆ, ಹಗ್ಗದಿಂದ ಅಡುಗೆಮನೆಗೆ, ಮತ್ತೆ ಅಲ್ಲಿಂದ ಕುರ್ಚಿಯವರೆಗೆ ಕೆಂಪು ಹೆಜ್ಜೆಗಳು. ಒಂದೇ ಕಾಲಿನವು. ಕುರ್ಚಿಯ ಕೆಳಗೆ ಹಲಗೆಯ ಸಂದಿಯಲ್ಲಿ ಹನಿ ಹನಿ ಇಳಿಯುತ್ತಿತ್ತು.

“ಅತ್ತಿಗೆ, ಕಾಲು ಎತ್ತು.”

“ಯಾಕೆ?”

“ಎತ್ತು ಅಂದೆ.”

ಎತ್ತಿದಳು. ಕುಂಡ ಎಳೆಯುವಾಗ ಹಿಂದೆ ಸರಿಯುತ್ತಾ ಬಿಚ್ಚೋ ಹಲಗೆಯ ಮೇಲೆ ಕಾಲು ಎಳೆದಿದ್ದಾಳೆ. ತುಕ್ಕು ಹಿಡಿದ ಮೊಳೆಯ ತಲೆ ಹೆಬ್ಬೆರಳ ಸಂದಿಯಿಂದ ಅಂಗಾಲಿನ ನಡುವಿನವರೆಗೆ ಸೀಳಿತ್ತು. ಅವಳು ತನ್ನ ಪಾದವನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಮಡಿಲಿನ ಬಟಾಣಿ ಉರುಳಿ ಸಂದಿಗಳಲ್ಲಿ ಬಿದ್ದುಹೋಯಿತು.

“ಅವರಿಗೆ ಈಗಲೇ ಹೇಳಬೇಡ ಪುಟ್ಟಿ,” ಅಂದಳು. “ಊಟ ಆಗಲಿ.”

ಹೇಳದೆ ಇರೋಕೆ ಆಗುತ್ತದಾ? ಅಣ್ಣ ಬಂದ, ಹೆಜ್ಜೆ ನೋಡಿದ, ಹೆಜ್ಜೆ ಹಿಡಿದು ಹಿಂದಕ್ಕೆ ನಡೆದು ಮೂಲೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಮೊಳೆಯ ತಲೆಯ ಮೇಲೆ ಹೆಬ್ಬೆರಳು ಇಟ್ಟ. ಕರೆದರೂ ಏಳಲಿಲ್ಲ. ಆಟೋ ಕರೆದು ತಂದದ್ದು ನಾನು.

ಗಾಯ ತೊಳೆದರು, ಹೊಲಿದರು, ಸೂಜಿ ಚುಚ್ಚಿದರು. ಯಾವುದಕ್ಕೂ ಅದು ಕೇಳಲಿಲ್ಲ. ಪಾದ ಕಪ್ಪಾಯಿತು, ಕಪ್ಪು ಹರಡಿತು. ಕೊನೆಗೆ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಆಪರೇಷನ್ ಆದ ಮಾರನೆ ದಿನ ಅಣ್ಣ ಬಂದು ಹಾಸಿಗೆಯ ತುದಿಯಲ್ಲಿ ನಿಂತ. ಹೊದಿಕೆ ಒಂದು ಕಡೆ ಚಪ್ಪಟೆಯಾಗಿದ್ದನ್ನು ನೋಡಿದ. “ಬರ್ತೀನಿ,” ಅಂತ ಹೊರಟುಹೋದ.

ಆಸ್ಪತ್ರೆಯಲ್ಲಿ ಅತ್ತಿಗೆಯ ಹತ್ತಿರ ನಾನು ಉಳಿದೆ. ಮೊದಮೊದಲು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ಆಮೇಲೊಂದು ದಿನ ಪಕ್ಕದ ಹಾಸಿಗೆಯಾಕೆಯನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಕರೆದುಕೊಂಡು ಹೋದದ್ದನ್ನು ನೋಡುತ್ತಾ ಇದ್ದವಳು, ಇದ್ದಕ್ಕಿದ್ದ ಹಾಗೆ ನನ್ನ ಕೈ ಹಿಡಿದಳು.

“ಪುಟ್ಟಿ, ನಮ್ಮ ಅಡುಗೆಮನೆಗೂ ಅಂಗಳಕ್ಕೂ ಮೆಟ್ಟಿಲಿಲ್ಲ ಅಲ್ವಾ.”

“ಇಲ್ಲ.”

“ಸಮ ಇದೆ. ನಿಮ್ಮಣ್ಣ ರಸಮಟ್ಟ ಇಟ್ಟು ಇಟ್ಟು ತಲೆ ತಿಂದಿದ್ರಲ್ಲ. ಇಂಥದೊಂದು ಕುರ್ಚಿ ಇದ್ರೆ ನಾನೇ ಉರುಳಿಸ್ಕೊಂಡು ಹೊರಗೆ ಹೋಗ್ತೀನಿ. ಯಾರೂ ಹಿಡೀಬೇಕಾಗಿಲ್ಲ. ಹಗ್ಗ ಒಂದು ಸ್ವಲ್ಪ ಕೆಳಗೆ ಕಟ್ಟಿದ್ರೆ ಆಯ್ತು.” ಅವಳ ಮುಖಕ್ಕೆ ಮತ್ತೆ ರಕ್ತ ಬಂದಿತ್ತು. “ಹೋಗಿ ಹೇಳು ಅವರಿಗೆ. ಆ ಮರ ಹಾಕಿದ್ದು ಒಳ್ಳೇದೇ ಆಯ್ತು ಅಂತ ನಾನು ಹೇಳ್ದೆ ಅನ್ನು. ಪಾಪ, ತಿನ್ನದೆ ಕೂತಿರ್ತಾರೆ.”

ಆ ಸಂಜೆಯೇ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳಲಿ, ಯಾವ ಮಾತು ಮೊದಲು ಅಂತ ಜೋಡಿಸಿಕೊಳ್ಳುತ್ತಾ ಹೋದೆ. ಹಿಂಬಾಗಿಲು ತೆರೆದಿತ್ತು. ಹೊಸಲಿನಾಚೆ ಕಾಲಿಟ್ಟವಳು ಹಾಗೇ ಕೆಳಗೆ ಬೀಳುವವಳಿದ್ದೆ. ಮೆಟ್ಟಿಲು ಇತ್ತು. ಅದರ ಕೆಳಗೆ ಅದೇ ತೇಪೆ ಕಾಂಕ್ರೀಟು, ಅದರ ಮೇಲೆ ಟೈರಿನ ತುಂಡುಗಳ ಕಪ್ಪು ಗುರುತು, ಅಲ್ಲಲ್ಲಿ ಒಣಗಿದ ಬಟಾಣಿ. ಒಂದು ಹಲಗೆ ಇಲ್ಲ, ಒಂದು ರೀಪಿಲ್ಲ. ಅಣ್ಣ ಮೆಟ್ಟಿಲ ಮೇಲೆ ಕೂತು, ಕಿತ್ತ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿ ಡಬ್ಬಿಗೆ ಹಾಕುತ್ತಿದ್ದ.

“ಹಲಗೆ ಎಲ್ಲಣ್ಣ?”

“ಮೇಸ್ತ್ರಿ ಒಯ್ದ. ಅವನಿಗೆ ಬೇಕಿತ್ತು.” ತಲೆ ಎತ್ತಲಿಲ್ಲ. “ಅವಳು ಬಂದು ಅದನ್ನ ನೋಡಬಾರದು ಪುಟ್ಟಿ. ಅವಳ ಕಣ್ಣಿಗೆ ಬೀಳಬಾರದು ಅಂತ ಎಲ್ಲ ಬಿಚ್ಚಿದೆ. ಪೂರ್ತಿ ಹೊಡೆದದ್ದು ಬೇರೆ, ಕೀಳೋಕೆ ಬಹಳ ಕಷ್ಟ ಆಯ್ತು.”

ಅತ್ತಿಗೆ ಹೇಳಿ ಕಳಿಸಿದ್ದನ್ನು ಆಗ ಹೇಳಿದೆ. ಇನ್ನೇನು ಮಾಡಲಿ? ಹೇಳಲೇಬೇಕಿತ್ತು, ಹಲಗೆ ವಾಪಸ್ ತರಬಹುದಲ್ಲ ಅಂತ. ಅವನ ಕೈಯ ಮೊಳೆ ಕಲ್ಲಿನ ಮೇಲೆ ಹಾಗೇ ನಿಂತಿತು. ಚಪ್ಪಲಿ ಮೆಟ್ಟಿ ಮೇಸ್ತ್ರಿಯ ಹತ್ತಿರ ಹೊರಟ. ಕತ್ತಲಾಗುವ ಮುಂಚೆ ಬಂದ.

“ನಿನ್ನೆ ತಾರಸಿ ಹಾಕಿಬಿಟ್ಟಿದ್ದಾರೆ,” ಅಂದ. “ಎಲ್ಲ ಅದರ ಅಡಿಗೇ ಇದೆ. ಮೂರು ವಾರ ಮುಟ್ಟೋ ಹಾಗಿಲ್ಲ. ಬೇರೆ ಹಲಗೆ ಅವನ ಹತ್ರ ಇಲ್ಲ, ಹೊಸದು ಕೊಳ್ಳೋಕೆ ನಮ್ಮ ಹತ್ರ ದುಡ್ಡಿಲ್ಲ. ಬಿಚ್ಚಿದ ಕೂಡಲೇ ಕೊಡ್ತೀನಿ ಅಂದ.”

ಅತ್ತಿಗೆಯನ್ನು ಮನೆಗೆ ಕರೆತಂದೆವು. ಆಸ್ಪತ್ರೆಯವರು ಹಳೆಯದೊಂದು ಗಾಲಿ ಕುರ್ಚಿ ಕೊಟ್ಟರು. ಒಳಗೆ ಬಂದವಳೇ ಚಕ್ರ ತಿರುಗಿಸಿಕೊಂಡು ಅಡುಗೆಮನೆಗೆ ಹೋದಳು. ನಾನು “ಅತ್ತಿಗೆ, ತಡಿ,” ಅನ್ನುವಷ್ಟರಲ್ಲಿ ಹಿಂಬಾಗಿಲು ತಳ್ಳಿದ್ದಳು. ಹೊಸಲ ಮೇಲೆ ಕುರ್ಚಿ ನಿಂತಿತು. ಬಹಳ ಹೊತ್ತು ಕೆಳಗೆ ನೋಡಿದಳು.

“ಬಿಚ್ಚಿದ್ರಾ?”

“ಹೂಂ,” ಅಂದ ಅಣ್ಣ, ಅವಳ ಬೆನ್ನ ಹಿಂದೆ ನಿಂತು.

“ಎಲ್ಲಾನೂ?”

“ಎಲ್ಲಾನೂ. ಮೂರು ವಾರ ತಡ್ಕೋ. ಮತ್ತೆ ಹಾಕ್ತೀನಿ. ಹಾಗೇ ಹಾಕ್ತೀನಿ.”

“ಹೂಂ, ಹಾಕಿ,” ಅಂದಳು. ಆಮೇಲೆ ಕತ್ತು ಹೊರಳಿಸದೆ, “ಒಂದು ಚೂರೂ ಬಿಟ್ಟಿಲ್ಲ ನೋಡು ಪುಟ್ಟಿ. ಎಷ್ಟು ಅಚ್ಚುಕಟ್ಟು,” ಅಂದಳು. ಅದು ತಮಾಷೆಯೋ ಅಲ್ಲವೋ ನನಗೆ ತಿಳಿಯಲಿಲ್ಲ. ಅಣ್ಣನಿಗೂ ತಿಳಿಯಲಿಲ್ಲ ಅಂತ ಕಾಣುತ್ತದೆ.

ಎತ್ತಿಕೊಂಡು ಇಳಿಸುತ್ತೇನೆ ಅಂತ ಅಣ್ಣ ದಿನಾ ಕೇಳಿದ. “ಮೂಟೆ ಹೊತ್ತ ಹಾಗೆ ಬೇಡ. ನಾನೇ ಹೋಗ್ತೀನಿ, ಮರ ಬರಲಿ,” ಅನ್ನುತ್ತಿದ್ದಳು. ಹೊಸಲ ಮೇಲೆ ಕೂತು ನಾನು ಬಟ್ಟೆ ಹಾಕುವುದನ್ನು ನೋಡುತ್ತಿದ್ದಳು, ಅಂಗಿ ತಲೆಕೆಳಗು ಅಂತ ಹೇಳುತ್ತಿದ್ದಳು. ಅಣ್ಣ ದಿನ ಬಿಟ್ಟು ದಿನ ಆ ಕಟ್ಟಡಕ್ಕೆ ಹೋಗಿ, ಕೆಳಗೆ ನಿಂತು, ಹಲಗೆಗಳನ್ನು ನೋಡಿ ಬರುತ್ತಿದ್ದ.

ಕೊಯ್ದ ಜಾಗ ಒಣಗಲಿಲ್ಲ. ಜ್ವರ ಬಂತು, ಬಿಟ್ಟಿತು, ಮತ್ತೆ ಬಂತು. ಮತ್ತೆ ಆಸ್ಪತ್ರೆಗೆ ಸೇರಿಸಿದೆವು. ತಾರಸಿ ಬಿಚ್ಚುವ ದಿನ ಬರುವ ಮುಂಚೆಯೇ ಅತ್ತಿಗೆ ಹೋದಳು.

ಮೇಸ್ತ್ರಿ ಮಾತಿಗೆ ತಪ್ಪಲಿಲ್ಲ. ಹಲಗೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದ. ಅಣ್ಣ ಇಳಿಸಲು ಬಿಡಲಿಲ್ಲ. ತಾನೇ ಟೆಂಪೋ ಹತ್ತಿ ಹಲಗೆಗಳ ಮೇಲೆ ಕೂತು, “ನಡಿ, ಕೆಲಸಕ್ಕೆ ಹೋಗೋಣ,” ಅಂದ. ಕೆಲಸ ಬಿಟ್ಟು ವರ್ಷಗಳಾಗಿದ್ದವನು. ಮನೆಯಲ್ಲಿ ಕೂತು ಮಂಕಾಗುವುದಕ್ಕಿಂತ ಮೇಲು ಅಂತ ನಾನೂ ಸುಮ್ಮನಾದೆ.

ಕೆಲವು ತಿಂಗಳಾದ ಮೇಲೆ ಮೇಸ್ತ್ರಿ ಮನೆಗೆ ಬಂದ. ಕೈಯಲ್ಲಿ ಉದ್ದಕ್ಕೆ ಸೀಳಿಹೋದ ಹಲಗೆಯ ಒಂದು ತುಂಡು. ಅಣ್ಣ ಒಳಗೆ ಮುಖ ತೊಳೆಯುತ್ತಿದ್ದ. ಮೇಸ್ತ್ರಿ ದನಿ ಇಳಿಸಿ, “ಅಕ್ಕಾ, ಇನ್ನು ಅವನನ್ನ ಕಳಿಸಬೇಡಿ,” ಅಂದ.

“ಏನಾಯ್ತು?”

“ಒಂದು ಮೊಳೇನೂ ತಲೆ ಬಿಡ್ತಿಲ್ಲ. ಎಲ್ಲ ಒಳಗೆ ಹೂತುಬಿಡ್ತಾನೆ. ಬಿಚ್ಚೋಕೆ ಹೋದ್ರೆ ಹಲಗೆ ಹೀಗೆ ಸೀಳುತ್ತೆ. ಆಳುಗಳು ಬಯ್ತಾರೆ, ನಾನು ಕೈ ಹಿಡಿದು ಹೇಳ್ದೆ, ಲೋ ಅರೆಮೊಳೆ, ನೀನೇ ಅಲ್ವೇನೋ ನನಗೆ ಕಲಿಸಿದ್ದು ಅಂತ. ತಲೆ ಆಡಿಸ್ತಾನೆ. ಆಮೇಲೆ ಅದೇ. ಪ್ರತಿ ಮೊಳೆಗೂ ನಿಂತು ಬಾಯಲ್ಲಿ ಏನೋ ಗೊಣಗ್ತಾನೆ, ಇನ್ನೊಂದು, ಇನ್ನೊಂದು ಅಂತ. ಏನಕ್ಕಾ ಅದು?”

ಅಷ್ಟರಲ್ಲಿ ಅಣ್ಣ ಮುಖ ಒರೆಸಿಕೊಳ್ಳುತ್ತಾ ಬಂದ. ಮೇಸ್ತ್ರಿಯ ಕೈಯಿಂದ ತುಂಡು ತೆಗೆದುಕೊಂಡು ಬೆಳಕಿಗೆ ಹಿಡಿದ. ಸೀಳಿನ ಕಡೆ ಅವನು ನೋಡಲೇ ಇಲ್ಲ. ಮೊಳೆ ಹೂತಿದ್ದ ಜಾಗದ ಮೇಲೆ ಹೆಬ್ಬೆರಳನ್ನು ಹಿಂದಕ್ಕೂ ಮುಂದಕ್ಕೂ ಎಳೆದ. ಆಮೇಲೆ ನನ್ನ ಕೈ ಹಿಡಿದು, ನನ್ನ ಬೆರಳನ್ನೂ ಅಲ್ಲಿಟ್ಟ.

“ತಾಗಲ್ಲ ಅಲ್ವಾ, ಪುಟ್ಟಿ?”

“ಇಲ್ಲಣ್ಣ,” ಅಂದೆ. “ಏನೂ ತಾಗಲ್ಲ.”